ಕಾಲಿಗೆ ಗೊತ್ತಿದ್ದ ಕೈ

ಗಲ್ಫಿನ ಇಂಡಿಯನ್ ಸ್ಕೂಲಿಗೆ ಪಿ.ಟಿ. ಮಾಸ್ಟ್ರಾಗಿ ಬರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸೀಟಿ ಊದುವುದು ಈ ಕೆಲಸದ ತೀರಾ ಸಣ್ಣ ಭಾಗ. ಬೆಳಿಗ್ಗೆ ಬಸ್ಸಿನ ಡ್ಯೂಟಿ, ಅಸೆಂಬ್ಲಿಯಲ್ಲಿ ಸಾಲು ನೆಟ್ಟಗೆ ಮಾಡುವ ಡ್ಯೂಟಿ, ಗಣಿತದ ಟೀಚರು ರಜೆ ಹಾಕಿದರೆ ಆ ಕ್ಲಾಸಿನಲ್ಲಿ ಗಲಾಟೆಯಾಗದಂತೆ ಕೂರುವ ಡ್ಯೂಟಿ, ಕೂದಲು ಉದ್ದ ಬಿಟ್ಟ ಹುಡುಗರನ್ನು ಹಿಡಿಯುವ ಡ್ಯೂಟಿ. ವರ್ಷದಲ್ಲಿ ಅರ್ಧ ಕಾಲ ಬಿಸಿಲಿಗೆ ಹೆದರಿ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಆಗ ಶಾಲೆಯ ಸಭಾಂಗಣದೊಳಗೆ ಕೇರಂ ಬೋರ್ಡು. "ಎಂತ ಮಾರಾಯ, ನೀನು ಅಲ್ಲಿ ಆಟ ಆಡಿಸುದಾ, ಆಟ ನಿಲ್ಲಿಸುದಾ?" ಎಂದು ನಮ್ಮೂರು ಕಾಪುವಿನ ಗೆಳೆಯರು ಕೇಳುತ್ತಿದ್ದರು.

ಈಗ ನಿವೃತ್ತನಾಗಿ ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಶಾಲೆಗೆ ಹೊಸದಾಗಿ ಸೇರಿದ ನಮ್ಮ ಕಡೆಯ ಇಬ್ಬರು ಚಹಾಕ್ಕೆ ಬಂದವರು, "ಸದಾನಂದ ಸರ್, ನಿಮ್ಮ ಅನುಭವ ಬರೆದು ಕೊಡಿ, ನಮಗೆ ಉಪಯೋಗ ಆಗ್ತದೆ" ಎಂದರು. ಉಪಯೋಗ ಆಗುತ್ತದೋ ಇಲ್ಲವೋ ದೇವರಿಗೇ ಗೊತ್ತು. ಗೆದ್ದ ಕಪ್ಪುಗಳ ಬಗ್ಗೆ ಬರೆಯುವುದಿಲ್ಲ. ಅವು ಶಾಲೆಯ ಗಾಜಿನ ಕಪಾಟಿನಲ್ಲಿವೆ, ಧೂಳು ಒರೆಸುವವನಿಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಬರೆಯಬೇಕೆನಿಸಿದ್ದು ಜಾವೆಲಿನ್ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಹಿಲ್ಡಾಳ ಬಗ್ಗೆ.

ಜಾವೆಲಿನ್ ನಮ್ಮ ಶಾಲೆಗೆ ಬಂದದ್ದೇ ಒಂದು ಕಥೆ. ಆಗಿನ ಪ್ರಿನ್ಸಿಪಾಲರು ಕೊಟ್ಟಾಯಂ ಕಡೆಯ ಗಟ್ಟಿ ಹೆಂಗಸು. ನಾನು ಬೇಡಿಕೆ ಇಟ್ಟಾಗ ಕನ್ನಡಕ ಕೆಳಗಿಳಿಸಿ ನನ್ನನ್ನೇ ನೋಡಿದರು. ಇದು ಕ್ರೀಡೆಯೋ ಆಯುಧವೋ ಎಂದು ಕೇಳಿದರು. ಹಿಂದಿನ ಕಾಲದಲ್ಲಿ ಆಯುಧ, ಈಗ ಕ್ರೀಡೆ ಎಂದೆ. ಹಾಗಾದರೆ ಸಣ್ಣ ಮಕ್ಕಳಿಗೆ ಪ್ಲಾಸ್ಟಿಕ್ಕಿನದ್ದು, ನಿಜವಾದದ್ದು ದೊಡ್ಡವರಿಗೆ ಮಾತ್ರ, ಅದನ್ನು ಬೀಗ ಹಾಕಿ ಇಡಬೇಕು, ಬೀಗದ ಕೈ ತಮ್ಮ ಹತ್ತಿರವೇ ಇರಬೇಕು ಎಂದರು. ಅಷ್ಟಕ್ಕೆ ಒಪ್ಪಿದ್ದೇ ದೊಡ್ಡದು. ಮೇಲಿನವರು ಹೆದರುವುದು ಮಕ್ಕಳ ಮೇಲಿನ ಕಾಳಜಿಯಿಂದ ಎಂಬುದನ್ನು ಹೊಸಬರು ನೆನಪಿಡಬೇಕು. ಅವರೊಂದಿಗೆ ಜಗಳಕ್ಕೆ ನಿಂತರೆ ಕೇರಂ ಬೋರ್ಡೇ ಗತಿ.

ಸಾಮಾನು ದುಬೈಯಿಂದ ಬರಬೇಕಿತ್ತು. ಅಂಗಡಿಯವರು ಅದನ್ನು ಜುಮೇರಾ ಲೇಕ್ ಟವರ್ಸ್‌ನಲ್ಲಿರುವ ನನ್ನ ಭಾವನ ಫ್ಲಾಟಿಗೆ ತಲುಪಿಸಿದರು. ಲಿಫ್ಟಿನಲ್ಲಿ ಅದನ್ನು ಓರೆಯಾಗಿ ನಿಲ್ಲಿಸಿದರೆ ಮನುಷ್ಯರಿಗೆ ಜಾಗವಿಲ್ಲ, ಮನುಷ್ಯರು ನಿಂತರೆ ಅದಕ್ಕೆ ಜಾಗವಿಲ್ಲ. ಭಾವ ಅದನ್ನು ಒಂಟಿಯಾಗಿ ಲಿಫ್ಟಿನಲ್ಲಿ ಕಳಿಸಿದ, ಕೆಳಗೆ ನಾನು ಸ್ವಾಗತಿಸಿದೆ. ಮುಂದಿನ ಕಿಟಕಿಯಿಂದ ಹಿಂದಿನ ಗಾಜಿನವರೆಗೆ ಅದನ್ನು ಕಾರಿನಲ್ಲಿ ಮಲಗಿಸಿ ಅಬುಧಾಬಿ ದಾರಿ ಹಿಡಿದರೆ, ಕಿಟಕಿಯಿಂದ ಅದರ ತುದಿ ಹೊರಗೆ. ಪೆಟ್ರೋಲ್ ಬಂಕಿನಲ್ಲಿ ಪೊಲೀಸಿನವನೊಬ್ಬ "ಶೂ ಹಾದಾ?" ಇದೇನು ಎಂದು ಅರಬಿಯಲ್ಲಿ ಕೇಳುತ್ತ ಹತ್ತಿರ ಬಂದ. ಸ್ಕೂಲು, ಸ್ಪೋರ್ಟ್ಸ್ ಎಂದು ಕೈಯಲ್ಲೇ ಎಸೆದು ತೋರಿಸಿದೆ. ಅವನು ಗಂಭೀರವಾಗಿ ಅದನ್ನು ಎತ್ತಿ ಭಾರ ನೋಡಿ, ಒಳಗೆ ಸರಿಯಾಗಿ ಇಡಿಸಿ, ಕಿಟಕಿ ಮುಚ್ಚಿಸಿ, "ಯಲ್ಲಾ, ಖಲಾಸ್" ಸರಿ, ಮುಗಿಯಿತು, ಹೊರಡು ಎಂದು ಕಳಿಸಿದ. ಅವನ ಮುಖದಲ್ಲಿ ಒಮ್ಮೆ ಎಸೆದು ನೋಡುವ ಆಸೆ ಇದ್ದದ್ದು ಸುಳ್ಳಲ್ಲ.

ಶಾಲೆಯ ಕ್ರೀಡಾದಿನ ಆ ಜಾವೆಲಿನ್ ನೆಲಕ್ಕೆ ನಾಟದೆ ಜಾರಿದಾಗಲೆಲ್ಲ ಪಾಲಕರು "ಫೌಲ್, ಫೌಲ್" ಎಂದು ಕೂಗುತ್ತಿದ್ದರು. ನಾಟಬೇಕೆಂಬ ನಿಯಮವಿಲ್ಲ, ಮೊದಲು ತುದಿ ನೆಲ ಮುಟ್ಟಿದರೆ ಸಾಕು. ಇದನ್ನು ಎಷ್ಟು ವರ್ಷ ಹೇಳಿದರೂ ಕೂಗು ನಿಲ್ಲಲಿಲ್ಲ. ಹಾಗೊಂದು ಕ್ರೀಡಾದಿನ ಪಾಲಕರ ಸಾಲಿನಿಂದ ಒಬ್ಬ ಹೆಂಗಸು ಎದ್ದು ಹಿಂದೆ ತಿರುಗಿ, "ತುದಿ ತಾಗಿದ್ದು ನಾನು ನೋಡಿದ್ದೇನೆ, ಸುಮ್ಮನೆ ಕೂತುಕೊಳ್ಳಿ ಮಾರಾಯ್ರೆ" ಎಂದಳು. ಸಾಲು ತೆಪ್ಪಗಾಯಿತು. ಅವಳೇ ಹಿಲ್ಡಾ.

ಹಿಲ್ಡಾ ಉಡುಪಿ ಕಡೆಯ ಶಿರ್ವದವಳು. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದ ಕೆಲಸ. ಗಂಡ ಲ್ಯಾನ್ಸಿ ಹೋಟೆಲೊಂದರಲ್ಲಿ ಇದ್ದರು. ಮಗಳು ರಿಯೋನಾ ನಮ್ಮ ಶಾಲೆಯ ವಿದ್ಯಾರ್ಥಿನಿ. ಕಾಲೇಜಿನಲ್ಲಿ ಹಿಲ್ಡಾ ಜಾವೆಲಿನ್ ಎಸೆಯುತ್ತಿದ್ದಳಂತೆ. ಆಮೇಲೆ ಕೆಲಸ, ವೀಸಾ, ಮದುವೆ, ಮಗು. ಕ್ರೀಡಾದಿನ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಸರ್, ಒಮ್ಮೆ ಮುಟ್ಟಿ ನೋಡ್ಲಾ?" ಎಂದು ಕೇಳಿದಳು. ಕೊಟ್ಟೆ. ಹಿಡಿಕೆಯ ದಾರದ ಮೇಲೆ ಅವಳ ಬೆರಳು ತಾವಾಗಿಯೇ ಕೂತವು. ಸೀರೆ ಉಟ್ಟುಕೊಂಡೇ, ಚಪ್ಪಲಿ ಬಿಟ್ಟು, ನಿಂತಲ್ಲಿಂದಲೇ ಎಸೆದಳು. ನಮ್ಮ ಹನ್ನೆರಡನೇ ತರಗತಿಯ ಚಾಂಪಿಯನ್ ಹುಡುಗಿಯ ಗುರುತನ್ನು ದಾಟಿ ಅದು ಬಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ, ಬೀಗದ ಕೈ ಹಿಡಿದುಕೊಂಡು ಪ್ರಿನ್ಸಿಪಾಲರೂ.

ಶನಿವಾರ ಬೆಳಿಗ್ಗೆ ಮೈದಾನ ಬಳಸಲು ಅವರೇ ಅನುಮತಿ ಕೊಟ್ಟರು. ಮೊದಮೊದಲು ನಾನು ಅವಳನ್ನು ಮೇಡಂ ಎನ್ನುತ್ತಿದ್ದೆ. "ಮೇಡಂ ಎಲ್ಲ ಬೇಡ ಸರ್. ಹೆಸರು ಹಿಡಿದು ಬೈದ್ರೆ ಮಾತ್ರ ನಂಗೆ ಕಲೀಲಿಕ್ಕೆ ಆಗುದು" ಎಂದಳು. ಹಾಗೆ ನಲವತ್ತು ದಾಟಿದ, ಯಾರೂ ಸಂಬಳ ಕೊಡದ, ಯಾರೂ ಕಳಿಸದ ಒಬ್ಬ ಆಟಗಾರ್ತಿ ನನಗೆ ಸಿಕ್ಕಿದಳು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುತ್ತಿದ್ದಳು. ಹಾಜರಾತಿಗೆ ಹೆದರಿ ಬರುವ ಮಕ್ಕಳನ್ನೇ ನೋಡಿದ್ದ ನನಗೆ ಇದು ಹಬ್ಬದಂತೆ ಕಂಡಿತು. ನೂರು ವರ್ಷದ ಹಿಂದಿನ ಎಸೆತಗಾರರು ಹೀಗೇ ಇದ್ದರೆಂದು ಓದಿದ್ದೆ. ಹಗಲು ಹೊಲದಲ್ಲೋ ಅಂಗಡಿಯಲ್ಲೋ ದುಡಿದು, ಬಿಡುವಿನಲ್ಲಿ ಮರದ ಭರ್ಜಿ ಎಸೆದು, ಗೆದ್ದರೂ ಮರುದಿನ ಕೆಲಸಕ್ಕೆ ಹೋಗುತ್ತಿದ್ದವರು. "ಹಾಗಾದ್ರೆ ನಾನು ತುಂಬಾ ಹಳೇ ಮಾಡೆಲ್" ಎಂದು ಅವಳು ನಕ್ಕಳು.

ಗುರಿಯೂ ಒಂದಿತ್ತು. ದುಬೈಯಲ್ಲಿ ನಲವತ್ತು ದಾಟಿದವರಿಗಾಗಿ ಚಳಿಗಾಲದಲ್ಲಿ ಒಂದು ಕ್ರೀಡಾಕೂಟ ನಡೆಯುತ್ತಿತ್ತು. ಅಲ್ಲಿ ಎಸೆಯಬೇಕೆಂದು ಅವಳ ಆಸೆ. ಯಾಕೆ ಇಷ್ಟು ಹಠ ಎಂದು ಒಮ್ಮೆ ಕೇಳಿದೆ. "ಡ್ಯೂಟಿ ಆಸ್ಪತ್ರೆದು, ಸಂಬಳ ಮನೆದು, ಹೊತ್ತು ಮಗಳದ್ದು. ನನ್ನದು ಅಂತ ಇರುದು ಇದೊಂದೇ ಸರ್" ಎಂದಳು. ಆ ಮಾತು ನನಗೆ ಚುಚ್ಚಿತು. ಹೇಗಾದರೂ ಮಾಡಿ ಇವಳನ್ನು ಆ ಮೈದಾನದಲ್ಲಿ ನಿಲ್ಲಿಸಬೇಕೆಂದು ಆವತ್ತೇ ನಿರ್ಧರಿಸಿದೆ.

ತೊಂದರೆ ಇದ್ದದ್ದು ಕಾಲಿನಲ್ಲಿ. ಜಾವೆಲಿನ್ ಎಸೆಯುವುದು ತೋಳು ಎಂದು ನೋಡುವವರಿಗೆ ಅನಿಸುತ್ತದೆ, ನಿಜವಾಗಿ ಎಸೆಯುವುದು ಕಾಲು. ಬಲಗೈಯಲ್ಲಿ ಎಸೆಯುವವರು ಕೊನೆಯ ಹೆಜ್ಜೆಯಲ್ಲಿ ಎಡಗಾಲನ್ನು ಮುಂದೆ ಗೂಟದ ಹಾಗೆ ಊರಬೇಕು. ಓಟದ ವೇಗವೆಲ್ಲ ಅಲ್ಲಿ ತಡೆದು ಸೊಂಟಕ್ಕೆ, ಭುಜಕ್ಕೆ, ಬೆರಳಿಗೆ ಏರುತ್ತದೆ. ಹಿಲ್ಡಾ ನಿಧಾನವಾಗಿ ಬಂದರೆ ಎಡಗಾಲು ಊರುತ್ತಿದ್ದಳು. ವೇಗವಾಗಿ ಓಡಿ ಬಂದರೆ ಕೊನೆಯ ಕ್ಷಣದಲ್ಲಿ ಹೆಜ್ಜೆ ಅದಲುಬದಲಾಗಿ ಬಲಗಾಲೇ ಮುಂದೆ. ಎತ್ತು ಏರಿಗೆ, ಕೋಣ ನೀರಿಗೆ. ಬರಿಯ ತೋಳಿನ ಬಲದಲ್ಲಿ ಅಷ್ಟು ದೂರ ಎಸೆಯುತ್ತಿದ್ದಳು ಎಂದರೆ ಆ ತೋಳು ಎಂಥದ್ದಿರಬೇಕು ನೋಡಿ.

ನಾನು ಸುಮ್ಮನಿದ್ದೆನೇ? ನೆಲದ ಮೇಲೆ ಸುಣ್ಣದಲ್ಲಿ ಹೆಜ್ಜೆ ಬರೆದೆ. ಎಡಗಾಲಿನ ಶೂಗೆ ಕೆಂಪು ಟೇಪು ಸುತ್ತಿದೆ. ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿ ತೋರಿಸಿದೆ. ನಾನು ಕಲಿಯುವಾಗ ಇದೆಲ್ಲ ಎಲ್ಲಿತ್ತು, ನಮ್ಮ ಗುರುಗಳ ಕಣ್ಣೇ ಕ್ಯಾಮೆರಾ, ಅವರ ಬೈಗುಳವೇ ರಿಪ್ಲೇ. ಆದರೆ ವಿಡಿಯೋ ತಪ್ಪನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ. "ಕಾಲೇಜಿನ ಮಾಸ್ಟ್ರೂ ಇದಕ್ಕೇ ಬಯ್ತಿದ್ರು ಸರ್" ಎಂದು ಹಿಲ್ಡಾ ತಲೆ ತಗ್ಗಿಸುತ್ತಿದ್ದಳು. ನಾನು ಮೈದಾನ ಗಟ್ಟಿಯಾಯಿತು ಎಂದೆ, ಶೂ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇಲ್ಲಿ ಹಾಗೆಂದವನು ಕುಣಿಸುವ ಮಾಸ್ಟ್ರು.

ಕಾಲು ಮಾಡದ ಕೆಲಸವನ್ನೆಲ್ಲ ಭುಜ ಮಾಡುತ್ತಿತ್ತಲ್ಲ, ಅದು ಎಷ್ಟು ದಿನ ತಡೆದೀತು? ಅವಳು ಹೆಸರು ಕೊಡಬೇಕೆಂದಿದ್ದ ಕ್ರೀಡಾಕೂಟಕ್ಕೆ ಇನ್ನೂ ಒಂದು ವರ್ಷ ಇರುವಾಗ ಅವಳ ಬಲಭುಜ ಹಿಡಿದುಕೊಂಡಿತು. ದಿನವಿಡೀ ಬೇರೆಯವರ ಭುಜದ ಎಕ್ಸ್‌ರೇ ತೆಗೆಯುವವಳಿಗೆ ತನ್ನದೇ ಭುಜದ ಚಿತ್ರ ನೋಡುವ ಗತಿ ಬಂತು. ತಲೆ ಬಾಚಲೂ ಕೈ ಏಳುತ್ತಿರಲಿಲ್ಲ. ನೋವು ಕಡಿಮೆಯಾಗುತ್ತದೆ, ಆದರೆ ಆ ಕೈಯಲ್ಲಿ ಇನ್ನು ಎಸೆಯುವ ಹಾಗಿಲ್ಲ ಎಂದು ಅವಳ ಆಸ್ಪತ್ರೆಯ ಡಾಕ್ಟರೇ ಹೇಳಿದರು. ಶನಿವಾರ ಮೈದಾನಕ್ಕೆ ಬಂದು ನನಗೆ ವಿಷಯ ತಿಳಿಸಿ, ಜಾವೆಲಿನ್ನಿನ ಮಣ್ಣು ಒರೆಸಿ ಕೊಟ್ಟಳು. "ಬೀಗ ಹಾಕಿ ಇಡಿ ಸರ್" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಶಾಲೆಯ ಹೊರಗೆ ಖಾಲಿ ಮರಳು ಜಾಗದಲ್ಲಿ ಯಾರೋ ಕ್ರಿಕೆಟ್ ಆಡುತ್ತಿದ್ದರು. ಅವಳನ್ನು ಕಾರಿನವರೆಗೆ ಬಿಡಲು ಹೊರಟಿದ್ದೆ. ರಿಯೋನಾ ಮುಂದೆ ಹೋಗುತ್ತಿದ್ದಳು. ಚೆಂಡೊಂದು ಉರುಳುತ್ತಾ ಬಂತು. ದೂರದಲ್ಲಿದ್ದ ವಿಕೆಟ್ ಕೀಪರ್ ಕೈ ಎತ್ತಿದ. ಹಿಲ್ಡಾಗೆ ಬಲಗೈ ಏಳದು. ಬಗ್ಗಿ ಎಡಗೈಯಲ್ಲಿ ಚೆಂಡು ಎತ್ತಿಕೊಂಡು, ಎರಡು ಹೆಜ್ಜೆ ಓಡಿ ಎಸೆದಳು. ಚೆಂಡು ನೆಲ ಮುಟ್ಟದೆ ಕೀಪರನ ಕೈಗೇ ಹೋಯಿತು. ಆದರೆ ನಾನು ಚೆಂಡನ್ನು ನೋಡಲಿಲ್ಲ. ಅವಳ ಕಾಲು ನೋಡಿದೆ. ಬಲಗಾಲು ಮುಂದೆ, ಗೂಟದ ಹಾಗೆ. ವರ್ಷಗಟ್ಟಲೆ ನಾನು ಬೈದು ತಿದ್ದಲು ಹೋಗಿದ್ದ ಅದೇ ಬಲಗಾಲು, ಎಡಗೈಗೆ ಇರಬೇಕಾದ ಜಾಗದಲ್ಲೇ ಇತ್ತು.

"ಹಿಲ್ಡಾ, ನೀನು ಎಡಗೈಯವಳಾ?" ಎಂದು ಕೇಳಿದೆ.

ಅವಳು ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಎಡಗೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು. "ಇಲ್ಲ ಸರ್. ಸಣ್ಣದಿರುವಾಗ ಇತ್ತು. ಅಮ್ಮ ಬಿಡಿಸಿದ್ರು."

"ಮಮ್ಮಾ ಈಸ್ ಎ ಲೆಫ್ಟಿ, ಸರ್. ಎವ್ರಿಬಡಿ ನೋಸ್," ಎಂದು ರಿಯೋನಾ ಮುಂದಿನಿಂದಲೇ ಹೇಳಿದಳು. ಎಲ್ಲರಿಗೂ ಗೊತ್ತಿತ್ತು, ಅವಳ ಕಾಲೇಜಿನ ಗುರುಗಳಿಗೆ ಮತ್ತು ನನಗೆ ಬಿಟ್ಟು.

ಊಟದ ಹೊತ್ತಿಗೆ ಅಮ್ಮ ಎಡಗೈಯನ್ನು ಹಳೆ ಸೀರೆಯ ಅಂಚಿನಿಂದ ಬೆಂಚಿಗೆ ಕಟ್ಟುತ್ತಿದ್ದರಂತೆ. ಶಾಲೆಯಲ್ಲಿ ಟೀಚರು ಎಡ ಬೆರಳ ಗಂಟಿಗೆ ಅಡಿಕೋಲಿನಿಂದ ಹೊಡೆಯುತ್ತಿದ್ದರಂತೆ. ಇಗರ್ಜಿಯಲ್ಲಿ ಎಡಗೈಯಿಂದ ಶಿಲುಬೆಯ ಗುರುತು ಮಾಡಲು ಹೋಗಿ ಎಲ್ಲರೆದುರು ಬೈಸಿಕೊಂಡ ಮೇಲೆ ಅವಳೇ ಹೆದರಿ ಬಿಟ್ಟಳಂತೆ. ಕೈಯನ್ನು ಕಟ್ಟಿದರು, ಹೊಡೆದರು, ಬದಲಾಯಿಸಿದರು. ಕಾಲನ್ನು ಯಾರೂ ಕಟ್ಟಿರಲಿಲ್ಲ. ಅದು ತನ್ನ ಕೈಯನ್ನು ಮರೆತಿರಲಿಲ್ಲ. ಹೊಸಬರೇ, ಇದೊಂದು ಪಾಠ ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮ ಕಡೆಯ ಮಕ್ಕಳು ಮೈದಾನಕ್ಕೆ ಬಂದರೆ ಮೊದಲು ಒಂದು ಚೆಂಡು ಉರುಳಿಸಿ, ಯಾವ ಕೈ ಮುಂದೆ ಬರುತ್ತದೆ ನೋಡಿ. ಬಾಯಿಯಲ್ಲಿ ಕೇಳಬೇಡಿ, ಬಾಯಿಗೆ ಮನೆಯವರು ಉತ್ತರ ಕಲಿಸಿರುತ್ತಾರೆ.

ನೂರು ವರ್ಷದ ಹಿಂದೆ ಎರಡೂ ಕೈಯಲ್ಲಿ ಎಸೆದು ದೂರ ಕೂಡಿಸುವ ಸ್ಪರ್ಧೆ ಕೂಡ ಇತ್ತು ಎಂದು ಅವಳಿಗೆ ಹೇಳಿದೆ. "ಒಂದು ಕೈಯ ಲೆಕ್ಕ ಮುಗಿಯಿತು, ಇನ್ನೊಂದು ಬಾಕಿ ಉಂಟಲ್ಲ" ಎಂದೆ. ಅವಳು ಕಾರು ಹತ್ತಿ ಹೊರಟಳು. ಮುಂದಿನ ಶನಿವಾರ ನಾನು ಬರುವುದಕ್ಕೆ ಮೊದಲೇ ಗೇಟಿನಲ್ಲಿ ನಿಂತಿದ್ದಳು.

ಕಲಿಯುವುದು ಸುಲಭವಿರಲಿಲ್ಲ. ಕಾಲು ಸರಿ, ಆದರೆ ಎಡಗೈಯ ಬೆರಳಿಗೆ ಜಾವೆಲಿನ್ ಹಿಡಿದು ಗೊತ್ತಿಲ್ಲ. ಅಕ್ಷರ ಕಲಿಯುವ ಮಗುವಿನಂತೆ ಮೊದಲಿನಿಂದ ಶುರು. ಚೆಂಡು, ಆಮೇಲೆ ಮಕ್ಕಳ ಪ್ಲಾಸ್ಟಿಕ್ಕಿನದ್ದು, ಆಮೇಲೆ ನಿಜವಾದದ್ದು. ನಮ್ಮ ಎಂಟನೇ ತರಗತಿಯ ಹುಡುಗಿಯರಿಗಿಂತ ಹತ್ತಿರದಲ್ಲಿ ಬೀಳುತ್ತಿತ್ತು. ಒಮ್ಮೆ ಬಲಗೈಯಲ್ಲಿ ಶಾಲೆಯ ಚಾಂಪಿಯನ್ನನ್ನೇ ಮೀರಿಸಿದ್ದವಳು ಮಕ್ಕಳೆದುರು ಹೀಗೆ ಎಡವುತ್ತ ಎಸೆಯಬೇಕಾದರೆ ಎಷ್ಟು ಧೈರ್ಯ ಬೇಕು. ನಾನಾಗಿದ್ದರೆ ಮನೆಯಲ್ಲಿ ಕೂರುತ್ತಿದ್ದೆ.

ಆ ಹೊತ್ತಿಗೇ ಅವಳ ತಾಯಿ ಸೆವ್ರಿನ್ ಬಾಯಿ ವಿಸಿಟ್ ವೀಸಾದಲ್ಲಿ ಬಂದರು, ಮಗಳ ಭುಜಕ್ಕೆ ಎಣ್ಣೆ ತಿಕ್ಕಲು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಅವರ ಫ್ಲಾಟಿಗೆ ನನ್ನನ್ನು ಕರೆಸಿದರು. ಚಹಾ ಕೊಟ್ಟರು, ಎದುರು ಕೂತರು.

"ಮಾಸ್ಟ್ರೆ, ಇವಳು ಕಾಯಿ ತುರಿಯುದು ಸಹ ಈಗ ಎಡಗೈಯಲ್ಲಿ. ಕೇಳಿದ್ರೆ ಸರ್ ಹೇಳಿದ್ದಾರೆ ಅಂತಾಳೆ. ನೀವಾ ಹೇಳಿದ್ದು?"

"ಕೈಗೆ ಬಲ ಬರಲಿ ಅಂತ ಹೇಳಿದ್ದು ಬಾಯಮ್ಮ."

"ಆ ಕೈ ಬಿಡಿಸ್ಲಿಕ್ಕೆ ನಾನೆಷ್ಟು ಕಷ್ಟ ಪಟ್ಟಿದ್ದೇನೆ ನಿಮಗೆ ಗೊತ್ತುಂಟಾ? ಕಟ್ಟುವಾಗ ಇವಳು ಅತ್ತದ್ದಕ್ಕಿಂತ ಹೆಚ್ಚು ನಾನು ಅತ್ತಿದ್ದೇನೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನ ತಂಗಿ ಎಡಗೈಯವಳು. ನೋಡ್ಲಿಕ್ಕೆ ಬಂದವರಿಗೆ ಎಡಗೈಯಲ್ಲಿ ಅನ್ನ ಬಡಿಸಿದ್ಳು ಅಂತ ಸಂಬಂಧ ಮುರಿದು ಹೋಯ್ತು. ಆಮೇಲೆ ಬಂದವರಿಗೂ ಅದೇ ಸುದ್ದಿ ಮೊದ್ಲು ಸಿಕ್ತಿತ್ತು. ಅವಳು ಹಾಗೇ ಉಳಿದ್ಳು. ನನ್ನ ಮಗಳಿಗೆ ಹಾಗಾಗಬಾರ್ದು ಅಂತ ನಾನು ಕಟ್ಟಿದ್ದು. ನೀವು ಈಗ ಬಿಚ್ತೀರಿ."

ಅಲ್ಲಿಯವರೆಗೆ ಆ ತಾಯಿಯ ಮೇಲೆ ನನಗೊಂದು ಸಿಟ್ಟು ಇತ್ತು. ಅದು ಅಲ್ಲೇ ಇಳಿದುಹೋಯಿತು.

ಹಿಲ್ಡಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಮದುವೆ ಆಯ್ತಲ್ಲ ಅಮ್ಮ" ಎಂದಳು ಮೆಲ್ಲಗೆ. "ಇನ್ನು ಈ ಕೈಯನ್ನು ನೋಡ್ಲಿಕ್ಕೆ ಯಾರೂ ಬರುದಿಲ್ಲ."

"ಹುಟ್ಟುಗುಣ ಸುಟ್ಟರೂ ಹೋಗುದಿಲ್ಲ ಅಂತಾರೆ, ಸರಿಯೇ" ಎಂದು ತಾಯಿ ಲೋಟ ಎತ್ತಿಕೊಂಡು ಎದ್ದರು. "ಬೇಕಾದ್ರೆ ಎಸೆ. ನನ್ನನ್ನು ನೋಡ್ಲಿಕ್ಕೆ ಕರೀಬೇಡ."

ಕ್ರೀಡಾಕೂಟದ ದಿನ ಲ್ಯಾನ್ಸಿಗೆ ಡ್ಯೂಟಿ. ರಿಯೋನಾಳನ್ನು ನೋಡಿಕೊಳ್ಳಲು ಎಂಬ ನೆಪದಲ್ಲಿ ಬಾಯಮ್ಮನೂ ಕಾರು ಹತ್ತಿದರು, ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ದುಬೈ ತಲುಪುವವರೆಗೆ ಜಪಮಾಲೆ ಬಿಟ್ಟು ಬೇರೆ ಮಾತಿಲ್ಲ. ಮೈದಾನದಲ್ಲಿ ಗ್ಯಾಲರಿಯ ಕಡೆಗೆ ಹೋಗಿ, ಆಟಕ್ಕೆ ಬೆನ್ನು ಹಾಕಿ ಕೂತರು. ಹಾಗೆ ಕೂರುವುದೂ ಒಂದು ಕಲೆ. ಪಕ್ಕದವರು ತಾವೇ ಏನೋ ತಪ್ಪು ಮಾಡಿದ ಹಾಗೆ ಸರಿದು ಕೂತರು.

ಪ್ರತಿಯೊಬ್ಬರಿಗೂ ಮೂರು ಎಸೆತ. ಎದುರಾಳಿಗಳಲ್ಲಿ ಒಬ್ಬಳು ಎತ್ತರದ ಬಿಳಿ ಹೆಂಗಸು, ಒಬ್ಬಳು ಫಿಲಿಪೀನ್ಸಿನವಳು, ಉಳಿದವರೂ ವರ್ಷಗಳಿಂದ ಎಸೆಯುತ್ತಿರುವವರು. ಹಿಲ್ಡಾಳ ಮೊದಲ ಎಸೆತ ಬದಿಯ ಗೆರೆಯಿಂದ ಆಚೆ ಬಿತ್ತು, ಫೌಲಿನ ಕೆಂಪು ಬಾವುಟ. ಎರಡನೆಯದು ಗಾಳಿಯಲ್ಲಿ ಚಪ್ಪಟೆಯಾಗಿ ಹೋಗಿ ಬಾಲವೇ ಮೊದಲು ನೆಲ ಮುಟ್ಟಿತು, ಮತ್ತೆ ಕೆಂಪು. ಮೂರನೆಯದೂ ಹೀಗಾದರೆ ಅವಳ ಹೆಸರಿನ ಮುಂದೆ ಏನೂ ಇರುವುದಿಲ್ಲ, ಇಷ್ಟು ದಿನದ್ದೆಲ್ಲ ಬರಿಗೈ. ಹತ್ತಿರ ಹೋದೆ. ಹೇಳಬೇಕೆಂದಿದ್ದ ಬುದ್ಧಿಮಾತೆಲ್ಲ ನುಂಗಿಕೊಂಡೆ. "ಚೆಂಡು ಬಂದಿದೆ, ಕೀಪರ್ ಕೈ ಎತ್ತಿದ್ದಾನೆ. ಅಷ್ಟೇ" ಎಂದೆ. ಅವಳು ನಕ್ಕಳು.

ಓಡಿ ಬಂದಳು. ವೇಗ ತಗ್ಗಿಸಲಿಲ್ಲ. ಬಲಗಾಲು ಊರಿತು, ಎಡಭುಜ ತಿರುಗಿತು. ಆ ಹೊತ್ತಿಗೆ ಅವಳ ಕೈಗೂ ಕಾಲಿಗೂ ಜಗಳವಿರಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ನಾನು ಕಂಡ ಅತ್ಯಂತ ಸುಂದರವಾದ ಎಸೆತ ಅದು. ಅತಿ ದೂರದ್ದಲ್ಲ, ಅತ್ಯಂತ ಸುಂದರವಾದದ್ದು. ಜಾವೆಲಿನ್ ಹೋಗಿ ಹುಲ್ಲಿನಲ್ಲಿ ನಾಟಿ ನಿಂತಿತು. ಬಿಳಿ ಬಾವುಟ ಮೇಲೆದ್ದಿತು. ಕಣ್ಣು ಒರೆಸಿಕೊಂಡು ಗ್ಯಾಲರಿಯ ಕಡೆ ತಿರುಗಿದರೆ ಬಾಯಮ್ಮ ಮೈದಾನಕ್ಕೆ ಮುಖ ಮಾಡಿ ನಿಂತಿದ್ದರು. ಯಾವಾಗ ಎದ್ದು ತಿರುಗಿದರೋ ನನಗೆ ತಿಳಿಯದು.

ನಾಲ್ಕನೆಯ ಸ್ಥಾನ ಬಂತು. ಪದಕ ಮೂವರಿಗೆ. ಬಲಗೈಯಲ್ಲಿ ಅವಳು ಎಸೆಯುತ್ತಿದ್ದ ದೂರಕ್ಕೆ ಇನ್ನೂ ಸ್ವಲ್ಪ ಕಡಿಮೆಯೇ ಇತ್ತು. ಎತ್ತರದ ಹೆಂಗಸು ಬಂದು ಅವಳ ಬೆನ್ನು ತಟ್ಟಿ, ಎಷ್ಟು ವರ್ಷದಿಂದ ಎಡಗೈಯಲ್ಲಿ ಎಸೆಯುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹುಟ್ಟಿದಂದಿನಿಂದ ಎಂದಳು ಹಿಲ್ಡಾ.

ಪದಕ ಕೊಡುವ ಕಡೆ ಜನ ಸೇರುತ್ತಿದ್ದರು. ನಾವು ಈಚೆ ನೆರಳಿನಲ್ಲಿ ನಿಂತಿದ್ದೆವು. ಬಾಯಮ್ಮ ರಿಯೋನಾಳ ಕೈ ಹಿಡಿದು ಮೆಟ್ಟಿಲಿಳಿದು ಬಂದರು. ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ನೆವ್ರಿ ಇತ್ತು, ನಾವು ಕರ್ಜಿಕಾಯಿ ಎನ್ನುತ್ತೇವಲ್ಲ ಅದು. ಕ್ರಿಸ್ಮಸ್ಸಿಗೆ ಮಾತ್ರ ಮಾಡುವುದನ್ನು ಅವತ್ತು ಮಾಡಿ ತಂದಿದ್ದರು. ಒಂದನ್ನು ಎತ್ತಿ ಮಗಳ ಕಡೆಗೆ ಹಿಡಿದರು.

ಹಿಲ್ಡಾ ಅಭ್ಯಾಸಬಲದಿಂದ ಬಲಗೈ ಎತ್ತಲು ಹೋದಳು. ಅದು ಅರ್ಧಕ್ಕೇ ನಿಂತಿತು, ನೋವಿಗೆ ಮುಖ ಕಿವುಚಿದಳು. ತಾಯಿ ಆ ಕೈಯನ್ನು ಮೆಲ್ಲಗೆ ಕೆಳಗೆ ಒತ್ತಿದರು.

"ಆ ಕೈ ಅಲ್ಲ ಪುತಾ," ಎಂದರು. "ಎಸೆದ ಕೈ ಕೊಡು."

ಹಿಲ್ಡಾ ಎಡಗೈ ಚಾಚಿದಳು. ತಾಯಿ ಅದರಲ್ಲಿ ನೆವ್ರಿ ಇಟ್ಟು, ಒಂದೊಂದಾಗಿ ಬೆರಳು ಮಡಚಿ, ತಾವು ಒಂದು ಕಾಲದಲ್ಲಿ ಸೀರೆಯ ಅಂಚು ಕಟ್ಟಿದ್ದ ಆ ಮಣಿಕಟ್ಟನ್ನು ತುಂಬಾ ಹೊತ್ತು ಹಾಗೆಯೇ ಹಿಡಿದುಕೊಂಡು ನಿಂತಿದ್ದರು.